ಒಂದೇ ತಂತಿ, ಬಾಯಿಯೂ ಅದೇ ಕಿವಿಯೂ ಅದೇ: ಗುಗ್ಲಿಯೆಲ್ಮೊ ಮಾರ್ಕೋನಿಯವರ ಜೀವನ

ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ ಪುಟ್ಟದೊಂದು ವಯರ್‌ಲೆಸ್ ಸೆಟ್ ಇರುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದೀರಿ. ತಾಂಡೇಲ ಮಾತನಾಡಬೇಕಾದರೆ ಕೈಯಲ್ಲಿರುವ ಮೈಕಿನ ಗುಂಡಿ ಒತ್ತುತ್ತಾನೆ. ಗುಂಡಿಯಿಂದ ಬೆರಳು ತೆಗೆದ ಮೇಲೆಯೇ ಇನ್ನೊಂದು ಬೋಟಿನವರ ದನಿ ಅವನಿಗೆ ಕೇಳಿಸುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಸೆಟ್ಟು ಕಿವುಡು. ಬೋಟಿನ ಮೇಲೆ ನೆಟ್ಟಿರುವ ಆಂಟೆನಾ ಒಂದೇ ಒಂದು. ಅದೇ ಬಾಯಿ, ಅದೇ ಕಿವಿ.

ಒಂದೇ ಆಂಟೆನಾದಿಂದ ಕಳುಹಿಸುವ ಕೆಲಸವನ್ನೂ ಕೇಳಿಸಿಕೊಳ್ಳುವ ಕೆಲಸವನ್ನೂ ಮಾಡಿಸುವುದು ಹೇಗೆ ಎಂಬ ಪ್ರಶ್ನೆ ನಿಸ್ತಂತು ವಿದ್ಯೆಯಷ್ಟೇ ಹಳೆಯದು. ಆ ವಿದ್ಯೆಯನ್ನು ಪ್ರಯೋಗಶಾಲೆಯಿಂದ ಹೊರತಂದು ಹಡಗಿಗೂ ದಡಕ್ಕೂ ತಲುಪಿಸಿದವರು ಗುಗ್ಲಿಯೆಲ್ಮೊ ಮಾರ್ಕೋನಿ. ಕಥೋಲಿಕರಾದ ನಾವು ಅವರನ್ನು ವ್ಯಾಟಿಕನ್ ರೇಡಿಯೋ ಕಟ್ಟಿಕೊಟ್ಟವರೆಂದು ನೆನೆಯುತ್ತೇವೆ. ಅದು ನಿಜವೇ. ಆದರೆ ಮಾತು ಮತ್ತು ಆಲಿಕೆಯ ನಡುವಿನ ಜಗಳ ಅವರ ಯಂತ್ರಗಳಲ್ಲಿ ಮಾತ್ರವಲ್ಲ, ಅವರ ಬದುಕಿನಲ್ಲೂ ಇತ್ತು. ಈ ದೃಷ್ಟಿಯಿಂದ ಅವರ ಜೀವನವನ್ನು ಒಮ್ಮೆ ನೋಡುವುದು ನಮಗೆ ಉಚಿತವೆನಿಸಿದೆ.

ಬಾಲ್ಯ ಮತ್ತು ಮೊದಲ ಪ್ರಯೋಗಗಳು

ಮಾರ್ಕೋನಿಯವರು 1874ರ ಏಪ್ರಿಲ್ 25ರಂದು ಇಟಲಿಯ ಬೊಲೊನ್ಯಾ ನಗರದಲ್ಲಿ ಹುಟ್ಟಿದರು. ತಂದೆ ಜುಸೆಪ್ಪೆ ಜಮೀನುದಾರರು. ತಾಯಿ ಆ್ಯನಿ ಜೇಮ್ಸನ್ ಐರ್ಲೆಂಡಿನವರು, ಹೆಸರಾಂತ ವಿಸ್ಕಿ ತಯಾರಕರ ಮನೆತನದವರು. ಮಗುವಿಗೆ ಕಥೋಲಿಕ ದೀಕ್ಷಾಸ್ನಾನವಾಯಿತಾದರೂ ತಾಯಿಯ ಆಂಗ್ಲಿಕನ್ ಪರಂಪರೆಯ ನೆರಳಲ್ಲೇ ಅವರು ಬೆಳೆದರು. ವಿಶ್ವವಿದ್ಯಾಲಯದ ಪದವಿ ಅವರಿಗೆ ದಕ್ಕಲಿಲ್ಲ. ನೆರೆಯವರಾಗಿದ್ದ ಪ್ರಾಧ್ಯಾಪಕ ಔಗುಸ್ತೊ ರೀಗಿಯವರ ಮಾರ್ಗದರ್ಶನ ಮತ್ತು ಕೈಗೆ ಸಿಕ್ಕ ವಿಜ್ಞಾನ ಪತ್ರಿಕೆಗಳೇ ಅವರ ಶಾಲೆ.

1894ರಲ್ಲಿ ಜರ್ಮನ್ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ ತೀರಿಕೊಂಡರು. ವಿದ್ಯುತ್ ಕಿಡಿಯಿಂದ ಹುಟ್ಟುವ ಅಲೆಗಳು ಗಾಳಿಯಲ್ಲಿ ಸಾಗುತ್ತವೆ ಎಂದು ಅವರು ಪ್ರಯೋಗದಿಂದ ತೋರಿಸಿದ್ದರು. ಆ ಅಲೆಗಳಲ್ಲಿ ಸಂದೇಶ ಕಳುಹಿಸಬಹುದಲ್ಲ ಎಂಬ ಯೋಚನೆ 20 ವರ್ಷದ ಮಾರ್ಕೋನಿಯವರನ್ನು ಹಿಡಿಯಿತು. ಪೊಂತೆಕ್ಕಿಯೊ ಎಂಬಲ್ಲಿನ ತಮ್ಮ ಮನೆ ವಿಲ್ಲಾ ಗ್ರಿಫೋನೆಯ ಅಟ್ಟದಲ್ಲಿ ಅವರು ಕೆಲಸ ಆರಂಭಿಸಿದರು. 1895ರಲ್ಲಿ ತಂತಿಯ ಒಂದು ತುದಿಯನ್ನು ಎತ್ತರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಭೂಮಿಗೆ ಜೋಡಿಸಿದಾಗ ದೂರ ಒಮ್ಮೆಗೇ ಹೆಚ್ಚಿತು. ಗುಡ್ಡದ ಆಚೆಗೆ, ಸುಮಾರು ಎರಡು ಕಿಲೋಮೀಟರ್ ದೂರಕ್ಕೆ ಸಂಕೇತ ತಲುಪಿತು. ಆಚೆ ಇದ್ದ ಅಣ್ಣ ಅಲ್ಫೊನ್ಸೊ ಬಂದೂಕು ಹಾರಿಸಿ, ಸಂಕೇತ ಸಿಕ್ಕಿತೆಂದು ತಿಳಿಸಿದರು. ನಾವು ಗಮನಿಸಬೇಕಾದ್ದು ಇದು: ಆ ದಿನ ಸಂದೇಶ ಹೋದದ್ದು ಅಲೆಯ ಮೇಲೆ, ಉತ್ತರ ಬಂದದ್ದು ಬಂದೂಕಿನಿಂದ. ಕಳುಹಿಸುವವನಿಗೆ ಬಾಯಿ ಇತ್ತು, ಕಿವಿ ಇನ್ನೂ ಇರಲಿಲ್ಲ.

1896ರಲ್ಲಿ ತಾಯಿಯೊಂದಿಗೆ ಇಂಗ್ಲೆಂಡಿಗೆ ಹೋಗಿ ಅದೇ ಜೂನ್ 2ರಂದು ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಅಲ್ಲಿನ ಅಂಚೆ ಇಲಾಖೆಯ ಮುಖ್ಯ ಇಂಜಿನಿಯರ್ ವಿಲಿಯಂ ಪ್ರೀಸ್ ಬೆನ್ನಿಗೆ ನಿಂತರು. 1897ರ ಮೇ ತಿಂಗಳಲ್ಲಿ ವೇಲ್ಸ್ ತೀರದ ಲ್ಯಾವೆರ್ನಾಕ್ ಮತ್ತು ಫ್ಲಾಟ್ ಹೋಮ್ ದ್ವೀಪದ ನಡುವೆ ಸುಮಾರು 6 ಕಿಲೋಮೀಟರ್ ಕಡಲನ್ನು ಸಂದೇಶ ದಾಟಿತು. ಅದೇ ವರ್ಷ ಕಂಪನಿ ಹುಟ್ಟಿತು. 1899ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವಿನ ಕಾಲುವೆಯಾಚೆಗೂ ಸಂದೇಶ ಹರಿಯಿತು.

ತನ್ನ ದನಿಗೆ ತಾನೇ ಕಿವುಡಾಗುವ ಕಷ್ಟ

ಇನ್ನು ಸಂದೇಶ ಎರಡೂ ಕಡೆಯಿಂದ ಹರಿಯಬೇಕಿತ್ತು. ಪ್ರತಿ ಕೇಂದ್ರದಲ್ಲೂ ಕಳುಹಿಸುವ ಯಂತ್ರವೂ ಬೇಕು, ಕೇಳಿಸಿಕೊಳ್ಳುವ ಯಂತ್ರವೂ ಬೇಕು. ಆದರೆ ಹಡಗಿನ ಮೇಲೆ ಎತ್ತರದ ತಂತಿಗೆ ಇರುವ ಜಾಗ ಒಂದೇ. ಇಲ್ಲಿಯೇ ತೊಂದರೆ ಶುರುವಾದದ್ದು.

ಕಳುಹಿಸುವಾಗ ತಂತಿಯಲ್ಲಿ ಸಾವಿರಾರು ವೋಲ್ಟಿನ ಶಕ್ತಿ ಹರಿಯುತ್ತದೆ. ದೂರದಿಂದ ಬರುವ ಸಂಕೇತವೋ, ಕೂದಲೆಳೆಯಷ್ಟೂ ಅಲ್ಲ. ಆಗಿನ ಗ್ರಾಹಕ ಯಂತ್ರದ ಹೃದಯ ಲೋಹದ ಪುಡಿ ತುಂಬಿದ ಒಂದು ಸಣ್ಣ ಗಾಜಿನ ನಳಿಗೆ. ಅಲೆ ತಾಕಿದಾಗ ಪುಡಿ ಒಂದಕ್ಕೊಂದು ಅಂಟಿ ವಿದ್ಯುತ್ತನ್ನು ಹರಿಯಗೊಡುತ್ತಿತ್ತು. ಮೆಲ್ಲಗೆ ತಟ್ಟಿದರೆ ಮತ್ತೆ ಬಿಡಿಬಿಡಿಯಾಗುತ್ತಿತ್ತು. ಪಕ್ಕದಲ್ಲೇ ಕಿಡಿ ಹಾರಿದರೆ ಆ ನಳಿಗೆಯ ಗತಿ ಏನಾಗಬೇಕು? ಬಾಗಿಲ ಬಳಿ ಕದಿನ ಸಿಡಿಯುವಾಗ ಒಳಕೋಣೆಯ ಪಿಸುಮಾತು ಕೇಳಲು ಕುಳಿತಂತೆ. ಆದ್ದರಿಂದ ಮಾರ್ಕೋನಿಯವರು ಗ್ರಾಹಕವನ್ನು ಲೋಹದ ಪೆಟ್ಟಿಗೆಯಲ್ಲಿ ಇರಿಸಿ ಕಾಪಾಡಿದರು. ಕಳುಹಿಸುವಾಗ ತಂತಿಯನ್ನು ಕಿಡಿಯಂತ್ರಕ್ಕೆ ಜೋಡಿಸುವುದು, ಮುಗಿದ ಮೇಲೆ ಅದನ್ನೇ ಗ್ರಾಹಕಕ್ಕೆ ಬದಲಿಸುವುದು, ಇದೇ ಪದ್ಧತಿ.

ಈ ಕೈಬದಲಾವಣೆಯಲ್ಲಿ ಸಮಯ ಹೋಗುತ್ತಿತ್ತು; ಬದಲಿಸುವ ಮಧ್ಯೆ ಬಂದ ಸಂಕೇತ ತಪ್ಪಿಹೋಗುತ್ತಿತ್ತು. ಅದಕ್ಕೆ ಮಾರ್ಕೋನಿ ಕಂಪನಿಯ ಹಡಗು ಸೆಟ್ಟುಗಳಲ್ಲಿ ಬಂದ ಪರಿಹಾರ ಬಹಳ ಸರಳ, ಬಹಳ ಜಾಣತನದ್ದು. ಆಂಟೆನಾದ ಅರ್ತ್ ತಂತಿಯ ದಾರಿಯಲ್ಲಿ ಎರಡು ಲೋಹದ ಬಿಲ್ಲೆಗಳನ್ನು ಕೂದಲೆಳೆಯಷ್ಟು ಅಂತರ ಬಿಟ್ಟು ಇಟ್ಟರು. ಗ್ರಾಹಕವನ್ನು ಆ ಅಂತರದ ಎರಡು ಬದಿಗೆ ಜೋಡಿಸಿದರು. ಇದಕ್ಕೆ ಅರ್ತ್ ಅರೆಸ್ಟರ್ ಎಂದು ಹೆಸರು. ಕಳುಹಿಸುವಾಗ ಭಾರೀ ಶಕ್ತಿ ಆ ಅಂತರವನ್ನು ಕಿಡಿಯಾಗಿ ಹಾರಿ ನೇರ ಭೂಮಿಗೆ ಇಳಿಯುತ್ತದೆ; ಗ್ರಾಹಕ ಬಚಾವು. ಕಳುಹಿಸುವುದು ನಿಂತ ಕ್ಷಣ ಕಿಡಿ ಆರುತ್ತದೆ. ದೂರದಿಂದ ಬಂದ ಕ್ಷೀಣ ಅಲೆಗೆ ಅಂತರ ಹಾರುವ ಶಕ್ತಿ ಇಲ್ಲ. ಅದು ಗ್ರಾಹಕದೊಳಗಿನಿಂದಲೇ ಹಾದುಹೋಗಬೇಕು. ಹೀಗೆ ತಂತಿ ತಾನಾಗಿಯೇ ಬಾಯಿಯಿಂದ ಕಿವಿಯಾಗುತ್ತದೆ.

ಅಟ್ಲಾಂಟಿಕ್ ಆಚೆಗೆ

1901ರ ಡಿಸೆಂಬರ್ 12ರಂದು ಕೆನಡಾ ತೀರದ ನ್ಯೂಫೌಂಡ್‌ಲ್ಯಾಂಡಿನಲ್ಲಿ, ಸೇಂಟ್ ಜಾನ್ಸ್ ನಗರದ ಸಿಗ್ನಲ್ ಹಿಲ್ ಮೇಲೆ, ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಮಾರ್ಕೋನಿಯವರು ಇಂಗ್ಲೆಂಡಿನ ಪೊಲ್ಡು ಕೇಂದ್ರದ ಮೂರು ಚುಕ್ಕಿಯ ಸಂಕೇತವನ್ನು ಕೇಳಿಸಿಕೊಂಡೆವೆಂದು ಸಾರಿದರು. ನಡುವೆ ಸುಮಾರು 3,500 ಕಿಲೋಮೀಟರ್ ಸಾಗರ. ನಿಜವಾಗಿ ಕೇಳಿಸಿತೋ, ಗಾಳಿಗುಡುಗಿನ ಸದ್ದೋ ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಾರೆ. ಮುಂದಿನ ವರ್ಷಗಳಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಗರ ದಾಟಿದ ಸಂದೇಶಗಳು ಹೋದವು. 1907ರಲ್ಲಿ ಐರ್ಲೆಂಡಿನ ಕ್ಲಿಫ್ಡನ್ ಮತ್ತು ಕೆನಡಾದ ಗ್ಲೇಸ್ ಬೇ ನಡುವೆ ವಾಣಿಜ್ಯ ಸೇವೆ ಆರಂಭವಾಯಿತು. 1909ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್ ಜೊತೆ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಈ ಏಳಿಗೆಯ ಇನ್ನೊಂದು ಮುಖವನ್ನೂ ನಾವು ಹೇಳದೆ ಬಿಡಲಾಗದು. ಮಾರ್ಕೋನಿ ಕಂಪನಿ ತನ್ನ ಸೆಟ್ಟುಗಳನ್ನು ಆಪರೇಟರ್ ಸಮೇತ ಹಡಗುಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಬೇರೆ ಕಂಪನಿಯ ಸೆಟ್ಟಿರುವ ಹಡಗಿನೊಡನೆ, ಅಪಾಯದ ಸಂದರ್ಭ ಬಿಟ್ಟರೆ, ಮಾತುಕತೆ ಬೇಡವೆಂಬುದು ಅದರ ನಿಯಮ. ಅಂದರೆ ಕಿವಿ ಇದ್ದರೂ ಕೇಳಬಾರದು. ಈ ಹಟಕ್ಕೆ ಜರ್ಮನಿ ಸಿಡಿಮಿಡಿಗೊಂಡಿತು. 1903 ಮತ್ತು 1906ರಲ್ಲಿ ಬರ್ಲಿನ್‌ನಲ್ಲಿ ರಾಷ್ಟ್ರಗಳ ಸಭೆಗಳು ನಡೆದವು. ಕಡಲಿನಲ್ಲಿ ಯಾವ ಕಂಪನಿಯದಾದರೂ ಸರಿ, ಹಡಗಿನ ಕರೆಗೆ ಉತ್ತರ ಕೊಡಲೇಬೇಕೆಂಬ ತತ್ವ 1906ರ ಒಪ್ಪಂದದಲ್ಲಿ ಬಂತು. ಎಸ್ಒಎಸ್ ಎಂಬ ಅಪಾಯದ ಕರೆಯೂ ಅದೇ ಒಪ್ಪಂದದ ಕೊಡುಗೆ.

1912ರ ಏಪ್ರಿಲ್ ರಾತ್ರಿ

ಮಾರ್ಕೋನಿಯವರ ಯಂತ್ರಕ್ಕೆ ಅತಿ ದೊಡ್ಡ ಕೀರ್ತಿ ತಂದದ್ದೂ ಅತಿ ದೊಡ್ಡ ಪಾಠ ಕಲಿಸಿದ್ದೂ ಒಂದೇ ರಾತ್ರಿ. ಟೈಟಾನಿಕ್ ಹಡಗಿನ ವಯರ್‌ಲೆಸ್ ಕೋಣೆಯಲ್ಲಿ ಕಂಪನಿಯ ಇಬ್ಬರು ಯುವಕರಿದ್ದರು, ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್. ಹಿಂದಿನ ದಿನ ಸೆಟ್ಟು ಕೆಟ್ಟು, ಪ್ರಯಾಣಿಕರ ಖಾಸಗಿ ಸಂದೇಶಗಳು ರಾಶಿಬಿದ್ದಿದ್ದವು. 1912ರ ಏಪ್ರಿಲ್ 14ರ ರಾತ್ರಿ ಫಿಲಿಪ್ಸ್ ಅವನ್ನು ದೂರದ ಕೇಪ್ ರೇಸ್ ಕೇಂದ್ರಕ್ಕೆ ಕಳುಹಿಸುತ್ತ, ಅಲ್ಲಿಂದ ಬರುವ ಕ್ಷೀಣ ಸದ್ದಿಗೆ ಕಿವಿಗೊಡುತ್ತ ಕುಳಿತಿದ್ದರು.

ರಾತ್ರಿ ಸುಮಾರು 11 ಗಂಟೆಗೆ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಸಿರಿಲ್ ಇವಾನ್ಸ್ ತಮ್ಮ ಹಡಗು ಮಂಜುಗಡ್ಡೆಯ ನಡುವೆ ನಿಂತಿದೆ ಎಂದು ತಿಳಿಸಲು ಹೊರಟರು. ಹಡಗು ಹತ್ತಿರವಿದ್ದ ಕಾರಣ ಆ ಸದ್ದು ಫಿಲಿಪ್ಸ್‌ರ ಕಿವಿಗೆ ಸಿಡಿಲಿನಂತೆ ಬಡಿದು ಕೇಪ್ ರೇಸ್‌ನ ದನಿಯನ್ನು ನುಂಗಿತು. ಬಳಲಿದ್ದ ಫಿಲಿಪ್ಸ್ ಸುಮ್ಮನಿರುವಂತೆ ಸೂಚಿಸಿ ತಮ್ಮ ಕೆಲಸ ಮುಂದುವರಿಸಿದರು. ಇವಾನ್ಸ್ ಸ್ವಲ್ಪ ಹೊತ್ತು ಆಲಿಸಿ, ಸುಮಾರು 11.30ಕ್ಕೆ ಸೆಟ್ಟು ನಿಲ್ಲಿಸಿ ಮಲಗಿದರು. ಆ ಹಡಗಿನಲ್ಲಿ ಇದ್ದದ್ದು ಅವರೊಬ್ಬರೇ ಆಪರೇಟರ್. ಹತ್ತು ನಿಮಿಷದ ಬಳಿಕ, 11.40ಕ್ಕೆ, ಟೈಟಾನಿಕ್ ಮಂಜುಗಡ್ಡೆಗೆ ತಾಕಿತು.

ಆಮೇಲೆ ಫಿಲಿಪ್ಸ್ ತಂತಿಯನ್ನು ಬಿಡಲಿಲ್ಲ. ನೀರು ಏರುತ್ತಿದ್ದರೂ ಕರೆ ಕಳುಹಿಸುತ್ತಲೇ ಇದ್ದರು. ಕಾರ್ಪೇಥಿಯಾ ಹಡಗಿನ ಆಪರೇಟರ್ ಹೆರಾಲ್ಡ್ ಕಾಟಮ್ ಮಲಗಲು ಅಣಿಯಾಗುತ್ತ ಇನ್ನೂ ಕಿವಿಯ ಫೋನ್ ತೆಗೆದಿರಲಿಲ್ಲ. ಆ ಕಾರಣಕ್ಕೆ ಕರೆ ಅವರಿಗೆ ಸಿಕ್ಕಿತು. ಕಾರ್ಪೇಥಿಯಾ ರಾತ್ರಿಯಿಡೀ ಧಾವಿಸಿ 700ಕ್ಕೂ ಹೆಚ್ಚು ಜನರನ್ನು ದೋಣಿಗಳಿಂದ ಎತ್ತಿಕೊಂಡಿತು. ಸುಮಾರು 1,500 ಮಂದಿ ನೀರುಪಾಲಾದರು. ಫಿಲಿಪ್ಸ್ ಅವರಲ್ಲೊಬ್ಬರು. ಬ್ರೈಡ್ ಬದುಕಿದರು. ಆಗ ನ್ಯೂಯಾರ್ಕಿನಲ್ಲಿದ್ದ ಮಾರ್ಕೋನಿಯವರು ಕಾರ್ಪೇಥಿಯಾ ಬಂದು ತಲುಪಿದಾಗ ಹಡಗು ಹತ್ತಿ ಅವರನ್ನು ಕಂಡರು.

ತಂತಿಯಲ್ಲಿ ದೋಷವಿರಲಿಲ್ಲ. ಅದು ಬಾಯಿಯೂ ಆಗಿತ್ತು, ಕಿವಿಯೂ ಆಗಿತ್ತು. ಆದರೆ ಒಂದು ಕಡೆ ಕೆಲಸದ ಗಡಿಬಿಡಿ, ಇನ್ನೊಂದು ಕಡೆ ಮುಚ್ಚಿದ ಸೆಟ್ಟು. ಫಿಲಿಪ್ಸ್ ಅಥವಾ ಇವಾನ್ಸ್ ಮೇಲೆ ತಪ್ಪು ಹೊರಿಸುವುದು ಸುಲಭ. ಹಗಲಿರುಳು ಕಿವಿ ತೆರೆದಿಡುವ ವ್ಯವಸ್ಥೆಯನ್ನೇ ಯಾರೂ ಮಾಡಿರಲಿಲ್ಲ ಎಂಬುದು ದೊಡ್ಡ ಸತ್ಯ. 1914ರ ಸಾಗರ ಸುರಕ್ಷಾ ಒಪ್ಪಂದ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ದಿನದ 24 ಗಂಟೆಯೂ ಆಲಿಸುವ ಕಾವಲನ್ನು ವಿಧಿಸಿತು. ಮುಂದೆ ಇನ್ನೊಂದು ನಿಯಮವೂ ಬಂತು. ಗಂಟೆಗೆ ಎರಡು ಬಾರಿ, ಮೂರು ಮೂರು ನಿಮಿಷ, ಅಪಾಯದ ಕರೆಯ ತರಂಗಾಂತರದಲ್ಲಿ ಎಲ್ಲ ಹಡಗುಗಳೂ ಮಾತು ನಿಲ್ಲಿಸಿ ಆಲಿಸಬೇಕು. ಮರೆಯದಿರಲೆಂದು ವಯರ್‌ಲೆಸ್ ಕೋಣೆಯ ಗಡಿಯಾರದ ಮುಖದಲ್ಲಿ ಆ ನಿಮಿಷಗಳಿಗೆ ಕೆಂಪು ಬಣ್ಣ ಬಳಿದಿರುತ್ತಿದ್ದರು. 1999ರಲ್ಲಿ ಉಪಗ್ರಹ ಆಧಾರಿತ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಯಾಗುವವರೆಗೂ ಈ ಮೌನ ಕಡಲಿನ ಕಾನೂನಾಗಿತ್ತು.

ಒಮ್ಮೆಗೇ ಮಾತು, ಒಮ್ಮೆಗೇ ಆಲಿಕೆ

ಹಡಗಿನಲ್ಲಿ ಸರದಿಯ ಮೇಲೆ ಮಾತನಾಡಿದರೆ ಸಾಕಿತ್ತು. ಅಟ್ಲಾಂಟಿಕ್ ಸೇವೆಗೆ ಅದು ಸಾಲಲಿಲ್ಲ. ಹೋಗುವ ಸಂದೇಶ ಹೋಗುತ್ತಿರುವಾಗಲೇ ಬರುವ ಸಂದೇಶವೂ ಬರಬೇಕು. ಅಲ್ಲಿ ಒಂದೇ ತಂತಿ ಸೋತಿತು. ಮಾರ್ಕೋನಿಯವರು ಬಾಯಿಯನ್ನೂ ಕಿವಿಯನ್ನೂ ದೂರ ದೂರ ಇಟ್ಟರು. ಗ್ಲೇಸ್ ಬೇಯಲ್ಲಿ ಕಳುಹಿಸುವ ಕೇಂದ್ರ, ಲೂಯಿಸ್‌ಬರ್ಗ್‌ನಲ್ಲಿ ಕೇಳುವ ಕೇಂದ್ರ. ವೇಲ್ಸ್‌ನಲ್ಲಿ ಕರ್ನಾರ್ವನ್ ಬಳಿ ಪ್ರೇಷಕ, ಸುಮಾರು 60 ಕಿಲೋಮೀಟರ್ ದೂರದ ಟವಿನ್‌ನಲ್ಲಿ ಗ್ರಾಹಕ. ತನ್ನದೇ ಅಬ್ಬರದಿಂದ ಕಿವಿಯನ್ನು ಕಾಪಾಡಲು ಅಷ್ಟು ದೂರ ಬೇಕಾಯಿತು.

ಅದೇ 1912ರ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಮಾರ್ಕೋನಿಯವರ ಬಲಗಣ್ಣು ಹೋಯಿತು. ಕೆಲಸ ನಿಲ್ಲಲಿಲ್ಲ. ಮೊದಲ ಮಹಾಯುದ್ಧದ ನಂತರ ಎಲೆತ್ರಾ ಎಂಬ ವಿಹಾರನೌಕೆಯನ್ನು ತೇಲುವ ಪ್ರಯೋಗಶಾಲೆಯಾಗಿಸಿಕೊಂಡು ಕಿರು ಅಲೆಗಳ ಅಧ್ಯಯನ ಮಾಡಿದರು. 1922ರಲ್ಲಿ ನ್ಯೂಯಾರ್ಕಿನ ಉಪನ್ಯಾಸದಲ್ಲಿ, ಹಡಗಿಗೆ ತಾಗಿ ಮರಳುವ ಅಲೆಯಿಂದ ಮಂಜಿನಲ್ಲೂ ಹಡಗನ್ನು ಗುರುತಿಸಬಹುದೆಂದು ಸೂಚಿಸಿದರು. 1930ರ ಮಾರ್ಚ್‌ನಲ್ಲಿ ಜೆನೊವಾ ಬಂದರಿನ ನೌಕೆಯಿಂದಲೇ ಸಂಕೇತ ಕಳುಹಿಸಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ದೀಪಗಳನ್ನು ಬೆಳಗಿದರು.

ಮರಳುವ ಅಲೆಯ ಆ ಸೂಚನೆ ಮುಂದೆ ರಾಡಾರ್ ಆಯಿತು. 1936ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ರಾಬರ್ಟ್ ಪೇಜ್ ಮತ್ತು ಸಂಗಡಿಗರು ಒಂದೇ ಆಂಟೆನಾದಿಂದ ಅಬ್ಬರಿಸಿ, ಮರುಕ್ಷಣವೇ ಅದರಲ್ಲೇ ಪ್ರತಿಧ್ವನಿ ಹಿಡಿಯುವ ವಿಧಾನ ಸಾಧಿಸಿದರು. ನಂತರದ ರಾಡಾರ್‌ಗಳಲ್ಲಿ ಅನಿಲ ತುಂಬಿದ ನಳಿಗೆಯೊಂದು ಭಾರೀ ಶಕ್ತಿಗೆ ಹೊತ್ತಿ ದಾರಿ ಮುಚ್ಚುತ್ತದೆ, ಆರಿ ದಾರಿ ತೆರೆಯುತ್ತದೆ. ಹಳೆಯ ಹಡಗು ಸೆಟ್ಟಿನ ಬಿಲ್ಲೆಗಳ ನಡುವಿನ ಕಿಡಿಯದೇ ತತ್ವ ಅದು.

ನಮ್ಮ ಊರಿನ ಮೊಬೈಲ್ ಟವರಿನಲ್ಲಿ ಇನ್ನೊಂದು ಉಪಾಯವಿದೆ. ಅಲ್ಲಿ ಹೋಗುವ ದನಿಗೂ ಬರುವ ದನಿಗೂ ಬೇರೆ ಬೇರೆ ಆವರ್ತನ. ಹಳೆಯ 900 ಮೆಗಾಹರ್ಟ್ಸ್ ಜಾಲದಲ್ಲಿ ಎರಡರ ಅಂತರ 45 ಮೆಗಾಹರ್ಟ್ಸ್. ಆಂಟೆನಾದ ಬುಡದಲ್ಲಿ ಜರಡಿಯಂತಹ ಪೆಟ್ಟಿಗೆ, ಅದರ ಹೆಸರು ಡ್ಯುಪ್ಲೆಕ್ಸರ್. ಹೋಗುವುದನ್ನು ಹೊರಕ್ಕೆ ಬಿಟ್ಟು, ಬರುವುದನ್ನು ಮಾತ್ರ ಗ್ರಾಹಕಕ್ಕೆ ಕೊಡುತ್ತದೆ. ಟವರು ಕಳುಹಿಸುವ ಶಕ್ತಿ ಅದಕ್ಕೆ ಬಂದು ಸೇರುವ ಕ್ಷೀಣ ಸಂಕೇತದ ಲಕ್ಷ ಕೋಟಿ ಪಟ್ಟಿಗೂ ಹೆಚ್ಚಿರಬಹುದು. ಆದರೂ ಅದು ತನ್ನ ಕೂಗಿನ ನಡುವೆಯೇ ನಮ್ಮ ಪಿಸುದನಿಯನ್ನು ಕೇಳುತ್ತದೆ.

ರೋಮ್ ಮತ್ತು ವ್ಯಾಟಿಕನ್

ಮಾರ್ಕೋನಿಯವರ ಮನೆಯ ಬದುಕು ಸುಗಮವಾಗಿರಲಿಲ್ಲ. 1905ರಲ್ಲಿ ಬಿಯಾಟ್ರಿಸ್ ಓಬ್ರಿಯನ್ ಅವರೊಂದಿಗೆ ಆದ ಮದುವೆ 1924ರಲ್ಲಿ ಮುರಿಯಿತು. 1927ರಲ್ಲಿ ಧರ್ಮಸಭೆ ಅದನ್ನು ಅಸಿಂಧುವೆಂದು ತೀರ್ಮಾನಿಸಿತು. ಅದೇ ವರ್ಷ ಅವರು ರೋಮಿನ ಕಥೋಲಿಕ ಮನೆತನದ ಮರಿಯ ಕ್ರಿಸ್ತೀನಾ ಬೆಜ್ಜಿ-ಸ್ಕಾಲಿಯವರನ್ನು ವರಿಸಿದರು. 1930ರಲ್ಲಿ ಹುಟ್ಟಿದ ಮಗಳಿಗೆ ನೌಕೆಯ ಹೆಸರನ್ನೇ ಇಟ್ಟರು, ಎಲೆತ್ರಾ.

1929ರ ಲ್ಯಾಟರನ್ ಒಪ್ಪಂದದಿಂದ ವ್ಯಾಟಿಕನ್ ಸ್ವತಂತ್ರ ರಾಷ್ಟ್ರವಾದಾಗ ಪೋಪ್ 11ನೇ ಪಿಯುಸ್‌ರವರು ರೇಡಿಯೋ ಕೇಂದ್ರದ ನಿರ್ಮಾಣವನ್ನು ಮಾರ್ಕೋನಿಯವರಿಗೆ ವಹಿಸಿದರು. 1931ರ ಫೆಬ್ರುವರಿ 12ರಂದು ಜಗದ್ಗುರುಗಳು ಲತೀನ್ ಭಾಷೆಯಲ್ಲಿ ಲೋಕವನ್ನು ಉದ್ದೇಶಿಸಿ ಮಾತನಾಡಿದರು. ಯೇಸುಸಭೆಯ ಫಾದರ್ ಜುಸೆಪ್ಪೆ ಜಾನ್‌ಫ್ರಾಂಚೆಸ್ಕಿ ಕೇಂದ್ರದ ಮೊದಲ ನಿರ್ದೇಶಕರು. ಅದು ಒಮ್ಮುಖ ದನಿ. ಒಬ್ಬರು ಹೇಳಿದ್ದನ್ನು ಲೋಕ ಕೇಳುವುದು. ಎರಡು ವರ್ಷದ ಬಳಿಕ, 1933ರ ಫೆಬ್ರುವರಿ 11ರಂದು, ವ್ಯಾಟಿಕನ್ ಮತ್ತು ಜಗದ್ಗುರುಗಳ ಬೇಸಿಗೆ ನಿವಾಸ ಕ್ಯಾಸ್ಟಲ್ ಗಂಡೋಲ್ಫೊ ನಡುವೆ, ಸುಮಾರು 20 ಕಿಲೋಮೀಟರ್ ದೂರಕ್ಕೆ, ಕಿರು ಅಲೆಗಳ ದೂರವಾಣಿ ಸಂಪರ್ಕ ಉದ್ಘಾಟನೆಯಾಯಿತು. ಅಲೆಯ ಉದ್ದ 60 ಸೆಂಟಿಮೀಟರ್ ಆಸುಪಾಸು. ಇಂದು ಗುಡ್ಡದಿಂದ ಗುಡ್ಡಕ್ಕೆ ಕಾಣುವ ಮೈಕ್ರೋವೇವ್ ಸಂಪರ್ಕಗಳ ಹಿರಿಯರಲ್ಲಿ ಅದೂ ಒಂದು.

ಅವರು ಕೇಳದ ದನಿಗಳು

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಓದುಗರಿಗೆ ಅರ್ಧ ಸತ್ಯ ಕೊಟ್ಟಂತಾಗುತ್ತದೆ. ಮಾರ್ಕೋನಿಯವರು 1923ರಲ್ಲಿ ಫ್ಯಾಸಿಸ್ಟ್ ಪಕ್ಷ ಸೇರಿದರು. 1930ರಲ್ಲಿ ಮುಸೊಲಿನಿ ಅವರನ್ನು ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದರು. 1935ರಲ್ಲಿ ಇಟಲಿ ಇಥಿಯೋಪಿಯದ ಮೇಲೆ ಬಿದ್ದಾಗ ಅವರು ತಮ್ಮ ಹೆಸರನ್ನು ಆ ಯುದ್ಧದ ಸಮರ್ಥನೆಗೆ ಕೊಟ್ಟರು. ಅಕಾಡೆಮಿಗೆ ಸೂಚಿತರಾದ ಯಹೂದಿ ವಿದ್ವಾಂಸರ ಹೆಸರಿನ ಮುಂದೆ ಗುರುತು ಹಾಕಿ ಅವರನ್ನು ಹೊರಗಿಡಲಾಗುತ್ತಿತ್ತೆಂದು 2002ರಲ್ಲಿ ಬೆಳಕಿಗೆ ಬಂದ ದಾಖಲೆಗಳು ತೋರಿಸಿದವು. ಲೋಕದ ಅತಿ ಕ್ಷೀಣ ಸಂಕೇತವನ್ನು ಹಿಡಿಯಬಲ್ಲವರಿಗೆ ಪಕ್ಕದಲ್ಲಿದ್ದವರ ದನಿ ಕೇಳಿಸಲಿಲ್ಲ. ಸಮೀಪದ ಅಧಿಕಾರದ ಅಬ್ಬರ ದೂರದವರ ಅಳಲನ್ನು ನುಂಗಿತ್ತು.

ಕೀರ್ತಿಯ ವಿಷಯದಲ್ಲೂ ಅವರೊಬ್ಬರೇ ಅಲ್ಲ. ಆಲಿವರ್ ಲಾಡ್ಜ್, ನಿಕೋಲಾ ಟೆಸ್ಲಾ, ನಮ್ಮವರೇ ಆದ ಜಗದೀಶಚಂದ್ರ ಬೋಸ್ ಇದೇ ಹಾದಿಯಲ್ಲಿ ದುಡಿದವರು. 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತರಂಗ ಹೊಂದಾಣಿಕೆಯ ಕುರಿತ ಮಾರ್ಕೋನಿ ಪೇಟೆಂಟಿನ ಮುಖ್ಯ ಹಕ್ಕುಗಳನ್ನು ತಳ್ಳಿಹಾಕಿತು.

ಎರಡು ನಿಮಿಷದ ಮೌನ

1937ರ ಜುಲೈ 20ರ ನಸುಕಿನಲ್ಲಿ ರೋಮ್‌ನಲ್ಲಿ ಹೃದಯ ಬೇನೆಯಿಂದ ಮಾರ್ಕೋನಿಯವರು ನಿಧನರಾದರು. ವಯಸ್ಸು 63. ಮರುದಿನ ರಾಜ್ಯ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಆ ಸಂಜೆ ಬ್ರಿಟನ್ನಿನ ಬಿಬಿಸಿ ಮತ್ತು ಅಂಚೆ ಇಲಾಖೆಯ ನಿಸ್ತಂತು ಕೇಂದ್ರಗಳು ಎರಡು ನಿಮಿಷ ಪ್ರಸಾರ ನಿಲ್ಲಿಸಿದವು. ಈಗ ಅವರ ಸಮಾಧಿ ಮೊದಲ ಪ್ರಯೋಗ ನಡೆದ ವಿಲ್ಲಾ ಗ್ರಿಫೋನೆಯಲ್ಲೇ ಇದೆ. ಆ ಊರಿಗೆ ಸಾಸ್ಸೊ ಮಾರ್ಕೋನಿ ಎಂಬ ಹೆಸರು.

ಆ ಎರಡು ನಿಮಿಷ ಕೇಂದ್ರಗಳು ಮೂಕವಾದವು, ಆದರೆ ಅವುಗಳ ತಂತಿಗಳು ಕಂಬದ ಮೇಲೆಯೇ ಇದ್ದವು. ಮಾತು ನಿಂತ ತಂತಿ ಸತ್ತ ತಂತಿಯಲ್ಲ. ಅದು ಕೇಳಲು ಅಣಿಯಾದ ತಂತಿ. ಕ್ಯಾಲಿಫೋರ್ನಿಯನ್ ಹಡಗಿನ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಯಾರಾದರೂ ಕಿವಿಗೊಟ್ಟು ಕುಳಿತಿದ್ದರೆ ಆ ರಾತ್ರಿಯ ಲೆಕ್ಕ ಬೇರೆಯಾಗುತ್ತಿತ್ತೇನೋ. ಬೋಧನೆ, ಸಭೆ, ಪ್ರಕಟಣೆ ಎಂದು ದಿನವೂ ಮೈಕಿನ ಗುಂಡಿ ಒತ್ತಿ ಹಿಡಿಯುವ ನಮ್ಮಂಥವರು ಈ ಮಾತನ್ನು ಮೊದಲು ನಮಗೇ ಹೇಳಿಕೊಳ್ಳಬೇಕು. ಬೆರಳು ತೆಗೆದಾಗ ಮಾತ್ರ ಆಚೆಯವರ ದನಿ ಬರುತ್ತದೆ. ಕಡಲಿಗೆ ಹೋಗುವ ನಮ್ಮ ತಾಂಡೇಲನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.